ರಟ್ಟಿನೊಳಗಿಂದ ಕಥೆ ಬಿಡಿಸುವ ಗೋಂದಣ್ಣ

"ಅಂಟು ಕಲಸೋನು ಅಂಟು ಕಲಸ್ಬೇಕು ಕಣಯ್ಯ. ಕಥೆ ಗಿಥೆ ಎಲ್ಲ ನಿನಗ್ಯಾಕೆ?"

ಬೆಳ್ಳಂಬೆಳಗ್ಗೆ, ಪೇಪರ್ ಓದಲು ಕಾದು ನಿಂತವರ ಎದುರಿಗೇ ಗ್ರಂಥಾಲಯದ ಮೇಲ್ವಿಚಾರಕ ಹೀಗೆ ಅಂದುಬಿಡುತ್ತಾನೆ. ಒಂದಿಬ್ಬರು ಕಿಸಕ್ಕನೆ ನಗುತ್ತಾರೆ. ಬೈಂಡಿಂಗ್ ಕೆಲಸದ ಗೋಂದಣ್ಣ ಮಾತ್ರ ರದ್ದಿ ಗಾಡಿಗೆ ಅಡ್ಡ ನಿಂತಿದ್ದಾರೆ. ಗಾಡಿಯ ತುಂಬ ಹಳೆ ಪುಸ್ತಕಗಳಿಂದ ಕಿತ್ತ ರಟ್ಟುಗಳು.

ಹಿಂದಿನವರು ರಟ್ಟು ಗಟ್ಟಿಯಾಗಲೆಂದು ಬೇಡದ ಅಚ್ಚಿನ ಹಾಳೆಗಳನ್ನು ಒಳಗೆ ಅಂಟಿಸುತ್ತಿದ್ದರು. ಬೇಡದ್ದು ಅಂದರೆ ಯಾರಿಗೆ ಬೇಡದ್ದು? ಪಾಳು ಬಂಗಲೆ, ತಾನಾಗಿ ತೆರೆದುಕೊಳ್ಳುವ ಬಾಗಿಲು ಎಂದು ಮೊದಮೊದಲು ಜನರ ಬೆವರಿಳಿಸಿದ ಕಾದಂಬರಿಕಾರ್ತಿಯೊಬ್ಬಳಿದ್ದಳು. ಅವಳ ಆ ಒಂದು ದೆವ್ವದ ಕಾದಂಬರಿಯನ್ನು ಊರೆಲ್ಲ ಓದಿದೆ. ದೆವ್ವವಿಲ್ಲದ ಅವಳ ಸಣ್ಣ ಕಥೆಗಳನ್ನು ಮೂಸಿ ನೋಡಿದವರಿಲ್ಲ. ಅವು ಬೇರೆಯವರ ಪುಸ್ತಕಕ್ಕೆ ತೇಪೆಯಾದವು. ಗೋಂದಣ್ಣ ಅವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಗಾಯದ ಪಟ್ಟಿ ಬಿಚ್ಚುವ ಹಾಗೆ ಪದರ ಪದರವಾಗಿ ಬಿಡಿಸುತ್ತಾರೆ.

ಮೊದಲ ಹಾಳೆ ಸಿಕ್ಕಾಗ ಅದನ್ನು ಹಾಸಿಕೊಂಡು ಅಕ್ಕನಿಗೆ ಓದಿದರಂತೆ. ಪುಸ್ತಕ ಹೊಲಿದು ಹೊಲಿದೇ ಕಣ್ಣು ಕಳೆದುಕೊಂಡವರು ಆ ಅಕ್ಕ. "ಕಥೆಯಲ್ಲಿ ಹೆಂಗಸು ಸತ್ತೋಗಿ, ಆಮೇಲೆ ಮದುವೆ ಆಗ್ತಾಳೆ! ಈಯಮ್ಮಂಗೆ ತಲೆ ಕೆಟ್ಟಿತ್ತು ಅಂದೆ. ಅಕ್ಕ ಬಿದ್ದೂ ಬಿದ್ದೂ ನಕ್ಕಳು. 'ಲೋ ದಡ್ಡಾ, ಮಡಿಸದೇ ಇರೋ ಹಾಳೇನ ಹಾಗೇ ಓದ್ತಾರೇನೋ? ಅಚ್ಚಿನ ಹಾಳೇಲಿ ಪುಟಗಳು ಹಿಂದುಮುಂದಾಗಿರ್ತವೆ, ಮಡಿಸಿದ್ರೇ ಸರಿಯಾಗೋದು. ಕೊಡಿಲ್ಲಿ' ಅಂತ ತಡವಿ ಮಡಿಸಿಕೊಟ್ಲು. ಪುಟಗಳೆಲ್ಲ ಸಾಲಾಗಿ ಕೂತ್ಕೊಂಡ್ವು." ಹೇಳುತ್ತಾ ಗೋಂದಣ್ಣ ತಮ್ಮ ತಲೆಗೆ ತಾವೇ ಮೊಟಕಿಕೊಳ್ಳುತ್ತಾರೆ.

ಈಗ ಬೇಕಿರುವುದು ಒಂದೇ ಹಾಳೆ. ಅವಳ ಕಥೆಯೊಂದರಲ್ಲಿ, ಮುನಿಸಿಕೊಂಡು ಮನೆ ಬಿಟ್ಟ ತಮ್ಮ. ಅವನು ಬಂದಾನೆಂದು ಬಾಗಿಲಿಗೆ ಅಗುಳಿ ಹಾಕದೇ ಮಲಗುವ ಅಕ್ಕ. ಆ ಕಥೆಯ ಕೊನೆ ಸಿಕ್ಕಿಲ್ಲ.

"ಕಥೇಲಿ ತಮ್ಮ ಬಂದ್ನೇನೋ ಅಂತ ನಮ್ಮಕ್ಕ ದಿನಾ ಕೇಳ್ತಾಳೆ ಕಣಪ್ಪ," ಎಂದು ಗಾಡಿಯವನನ್ನೇ ಅಂಗಲಾಚುತ್ತಾರೆ. "ಹಾಸಿಗೆ ಹಿಡಿದಿದ್ದಾಳೆ. ಕೊನೆ ಕೇಳದೇ ಹೋಗ್ಬಾರದು, ಅಷ್ಟೇ ನನ್ನಾಸೆ."

"ನಾಳೆ ಬರ್ತೀನಿ ಬಿಡಣ್ಣ," ಎಂದು ಗಾಡಿಯವನು ರಟ್ಟಿನ ಮೂಟೆಗಳನ್ನು ಇಳಿಸುತ್ತಾನೆ. ಮೇಲ್ವಿಚಾರಕ ಗೊಣಗುತ್ತಾ ಒಳಗೆ ಹೋಗುತ್ತಾನೆ.

ಮಧ್ಯಾಹ್ನದ ಹೊತ್ತಿಗೆ ಗ್ರಂಥಾಲಯದ ಬಚ್ಚಲ ಪಕ್ಕದ ಬೋಗುಣಿಯಲ್ಲಿ ಹಾಳೆಯೊಂದು ಮೆಲ್ಲಗೆ ಮೇಲೇಳುತ್ತದೆ. ಗೋಂದಣ್ಣ ಅದನ್ನು ಒತ್ತಿ, ಆರಿಸಿ, ಮಡಿಸಿ ಓದುತ್ತಾರೆ. ತುಟಿ ಅಲುಗುವುದು ನಿಲ್ಲುತ್ತದೆ. ಹೆಗಲ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಬೆಳಗಿನಿಂದ ಕಿವಿ ಇತ್ತಲೇ ಇಟ್ಟಿದ್ದ ಮೇಲ್ವಿಚಾರಕ ಬಾಗಿಲಲ್ಲಿ ಕತ್ತು ಚಾಚುತ್ತಾನೆ. "ಸಿಕ್ತೇನಯ್ಯ? ಬಂದ್ನಾ ತಮ್ಮ? ಏಯ್, ಹೇಳಿ ಹೋಗೋ ಮಾರಾಯ!"

"ಮೊದಲು ಅಕ್ಕ ಕೇಳ್ಲಿ," ಎಂದು ಗೋಂದಣ್ಣ ಚಪ್ಪಲಿ ಮೆಟ್ಟಿ, ಹಾಳೆ ಮುದುಡದಂತೆ ಎದೆಗೆ ಹಿಡಿದು, ಅಕ್ಕನಿರುವ ಮನೆಯ ದಾರಿ ಹಿಡಿಯುತ್ತಾರೆ.