ಗಾಲಿಯ ಮೇಲಿನ ಭಂಡಾರದ ಗೆರೆ

ಮಗನಿಗೆ ಹೆಣ್ಣು ಕೂಸು ಹುಟ್ಟಿದೆ ಎಂದು ನಿಪ್ಪಾಣಿಯಿಂದ ಸುದ್ದಿ ಬಂದ ದಿನ ನಾನು ಐನಾಪುರದ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿದೆ. ಸಂತೋಷದ ಭರದಲ್ಲಿ ಕೆಲವು ಮನೆಗೆ ಎರಡು ಸಲ ಕೊಟ್ಟೆನಂತೆ. ನಮ್ಮ ಮನೆಯಲ್ಲಿ ತೊಟ್ಟಿಲು ತೂಗಿ ಎಷ್ಟೋ ವರ್ಷವಾಗಿತ್ತು. ಅಟ್ಟದ ಮೇಲಿನ ಆ ತೊಟ್ಟಿಲನ್ನು ಅವತ್ತೇ ಇಳಿಸಿ ಒರೆಸಿಟ್ಟೆ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು.

ಸೊಸೆಯ ತವರು ನಿಪ್ಪಾಣಿ, ಬೀಗರದು ತಂಬಾಕಿನ ವ್ಯಾಪಾರ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಐದನೇ ತಿಂಗಳಿಗೆ ನಾವು ಹೋಗಿ ತಾಯಿ ಮಗುವನ್ನು ಕರೆತರಬೇಕು. ನಮ್ಮ ಕಡೆಯ ಪದ್ಧತಿ ಹಾಗೆ. ಹೆಸರಿಡುವ ದಿನ ಕೂಸನ್ನು ಒಂದಿಷ್ಟು ಹೊತ್ತು ಎತ್ತಿಕೊಂಡಿದ್ದೆ. ಆಮೇಲೆ ದಿನಾ ಕೈ ಖಾಲಿ ಖಾಲಿ ಅನಿಸುತ್ತಿತ್ತು.

ಕರೆತರುವ ದಿನ ಗೊತ್ತಾಯಿತು. ಅದಕ್ಕೆ ಸ್ವಲ್ಪ ಮುಂಚೆ ಮಗನ ಕಾರು ರಾಯಬಾಗದ ಹತ್ತಿರ ಒಂದು ತಗ್ಗಿಗೆ ಬಿತ್ತು.

ಅದು ಕೊಲ್ಲಾಪುರದಲ್ಲಿ ಕೊಂಡ ಹಳೆಯ ಸಣ್ಣ ಕಾರು. ಮೊದಲಿನ ಒಡೆಯ ಕಬ್ಬಿಣದ ಗಾಲಿ ತೆಗೆಸಿ, ಬೆಳ್ಳಿಯ ಹಾಗೆ ಹೊಳೆಯುವ ಅಲಾಯ್ ಗಾಲಿ ಹಾಕಿಸಿದ್ದ. ಹೊಳೆಯುವವು ನಾಲ್ಕು, ಡಿಕ್ಕಿಯೊಳಗಿನ ಸ್ಟೆಪ್ನಿ ಮಾತ್ರ ಹಳೆಯ ಕರಿ ಕಬ್ಬಿಣದ್ದು. ಮಗ ಆ ಕಾರು ಕೊಂಡದ್ದೇ ಗಾಲಿ ನೋಡಿ ಎಂದು ನಮ್ಮ ಮನೆಯವರು ಆಡಿಕೊಳ್ಳುತ್ತಿದ್ದರು. ತಗ್ಗಿಗೆ ಬಿದ್ದಾಗ ಮುಂದಿನ ಒಂದು ಗಾಲಿಯ ಅಂಚು ಬಾಗಿ, ಅಲ್ಲೇ ಸೀಳಿತು. ಸ್ಟೆಪ್ನಿ ಹಾಕಿಕೊಂಡು ಮನೆಗೆ ಬಂದವನು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಅಂಥದೇ ಒಂದು ಬಿಡಿ ಗಾಲಿ ಎಲ್ಲೂ ಸಿಗಲಿಲ್ಲ. ಕೊಂಡರೆ ನಾಲ್ಕೂ ಕೊಳ್ಳಿ ಎಂದರಂತೆ. ಕಡೆಗೆ ಕೊಲ್ಲಾಪುರದ ಒಬ್ಬ ವೆಲ್ಡಿಂಗ್‌ನವನ ಹತ್ತಿರ ಒಯ್ದು, ಕಾಯಿಸಿ, ಬಡಿದು, ಬೆಸೆದು, ಬಣ್ಣ ಹೊಡೆಸಿಕೊಂಡು ಬಂದ.

"ಅವ್ವಾ, ಬಾ ಇಲ್ಲೆ. ಎಲ್ಲಿ ಒಡದಿತ್ತು ಹೇಳು ನೋಡೂಣು."

ಬೆರಳಾಡಿಸಿ ನೋಡಿದೆ. ಗುರುತು ಸಿಗಲಿಲ್ಲ. ಆದರೂ ಅಡುಗೆಮನೆಯ ಜರ್ಮನ್ ಡಬರಿ, ಆ ಅಲ್ಯೂಮಿನಿಯಂ ಪಾತ್ರೆ, ನೆನಪಾಯಿತು. ಹಿತ್ತಾಳೆಯ ಪಾತ್ರೆ ನೆಗ್ಗಿದರೆ ಬಡಿದು ಸರಿ ಮಾಡಿಸಬಹುದು. ಈ ಜರ್ಮನ್ ಪಾತ್ರೆ ಮೇಲೆ ಸರಿಯಾದಂತೆ ಕಾಣುತ್ತದೆ, ಮುಂದೊಂದು ದಿನ ಅದೇ ಜಾಗದಲ್ಲಿ ಸೀಳುತ್ತದೆ. ಈ ಗಾಲಿಯೂ ಅದೇ ಜಾತಿಯ ಲೋಹವಲ್ಲವೇ?

"ತಮ್ಮಾ, ಇದು ತಡೀತೈತೇನೋ?"

"ಟಾಯರಿಗೆ ಗಾಳಿ ತುಂಬಿ ಒಂದಿನ ಇಟ್ಟು ನೋಡೇನಿ. ತಟಗೂ ಇಳದಿಲ್ಲ."

"ಗಾಳಿ ಹಿಡದ್ರ ಭಾರಾನೂ ಹಿಡಿತೈತೇನು?"

ನಮ್ಮ ಮನೆಯವರು ಕಟ್ಟೆಯ ಮೇಲಿನಿಂದ ನಕ್ಕರು. "ಕೇಳ್ಕೊಳೋ, ನಿಮ್ಮವ್ವ ನಾಲ್ಕನೇ ಇಯತ್ತೆ ಕಲ್ತಾಕಿ. ಕೊಲ್ಲಾಪುರದಾಂವಗ ಇಷ್ಟ ತಿಳಿಯೂದಿಲ್ಲ."

ನಾನು ಒಂದೇ ಮಾತು ಹೇಳಿದೆ: ಕೂಸನ್ನು ತರುವ ಮುಂಚೆ ಗಾಡಿಯನ್ನು ಮಂಗಸೂಳಿ ಮಲ್ಲಯ್ಯನ ಮುಂದೆ ನಿಲ್ಲಿಸಿ ಬರಬೇಕು. ಅದಕ್ಕೆ ಯಾರೂ ಬೇಡ ಅನ್ನಲಿಲ್ಲ.

ಮಲ್ಲಯ್ಯನ ಗುಡಿಯಲ್ಲಿ ಎಲ್ಲವೂ ಹಳದಿ. ಮೆಟ್ಟಿಲು, ಕಂಬ, ಜನರ ತಲೆ ಎಲ್ಲ ಭಂಡಾರ, ದೇವರ ಅರಿಷಿಣದ ಪುಡಿ. ನಾವು ಗಾಲಿಗೊಂದರಂತೆ ಕಾಯಿ ಒಡೆದು ನೀರು ಹೊಯ್ದೆವು. ಅದರ ಮೇಲೆ ನಾನೇ ಮುಷ್ಟಿಗಟ್ಟಲೆ ಭಂಡಾರ ಎರಚಿದೆ. ಬೆಸೆದ ಗಾಲಿಗೆ ಎಲ್ಲಕ್ಕಿಂತ ಹೆಚ್ಚು, ಅಂಗೈಯಿಂದ ತಿಕ್ಕಿ ತಿಕ್ಕಿ ಬಳಿದೆ. ಬರುವಾಗ ಮನಸ್ಸು ಹಗುರಾಗಿತ್ತು.

ಮರುದಿನ ಬೆಳಿಗ್ಗೆ ಸಾಬೂನು ನೀರು ತೆಗೆದುಕೊಂಡು ಗಾಡಿ ತೊಳೆಯಲು ಕುಳಿತೆ. ಮೂರು ಗಾಲಿ ಸ್ವಚ್ಛವಾದವು. ನಾಲ್ಕನೆಯದರಲ್ಲಿ, ಬೆಸುಗೆ ಮುಗಿದ ಕಡೆಯಿಂದ ಒಳಗೆ, ಗಾಲಿಯ ಕಡ್ಡಿಯ ಕಡೆಗೆ ಒಂದು ಎಳೆ ಕಂಡಿತು. ಕೂದಲಿನಷ್ಟು ಸಣ್ಣದು, ಕೆಂಪು. ಅರಿಷಿಣಕ್ಕೆ ಸಾಬೂನು ತಾಗಿದರೆ ಕೆಂಪಾಗುತ್ತದೆ, ಸೀರೆ ಒಗೆಯುವ ಯಾವ ಹೆಣ್ಣುಮಗಳಿಗೂ ಅದು ಗೊತ್ತು. ಒರೆಸಿದೆ, ಹೋಯಿತು. ಬಿಸಿಲಿಗೆ ಆರಿದ ಮೇಲೆ ಮತ್ತೆ ಬಂತು. ಮತ್ತೆ ಒರೆಸಿದೆ, ಮತ್ತೆ ಬಂತು. ಮೇಲೆ ಹತ್ತಿದ ಭಂಡಾರವಾಗಿದ್ದರೆ ಒಂದೇ ಸಲಕ್ಕೆ ಹೋಗಬೇಕು. ಇದು ಒಳಗಿನಿಂದ ಬರುತ್ತಿತ್ತು. ಒಳಗೆ ಹೋಗಲು ಅದಕ್ಕೆ ದಾರಿ ಇತ್ತು.

ಮಗನನ್ನು ಕೂಗಿ ಕರೆದು ತೋರಿಸಿದೆ. ಮರುದಿನವೇ ನಿಪ್ಪಾಣಿಗೆ ಹೋಗಬೇಕಿತ್ತು.

"ಅವ್ವಾ, ಅದು ಗೀರು. ನೀ ಯಾವಾಗಿಂದ ಮೇಸ್ತ್ರಿ ಆದಿ?"

"ಗೀರಾದ್ರ ಉಗುರಿಗೆ ಹತ್ತಬೇಕು. ಹತ್ತವಲ್ದು, ನೋಡು. ನನ್ನ ಮೊಮ್ಮಗಳು ಈ ಗಾಲಿ ಮ್ಯಾಲ ಬರೂದಿಲ್ಲ."

"ಮತ್ತೇನ್ ಮಾಡ್ಲಿ? ಮೂರು ಬೆಳ್ಳನ್ನೂವು, ಒಂದು ಕರೀದು ಹಾಕ್ಕೊಂಡು ಬೀಗರ ಬಾಗಲಾಗ ಹೋಗಿ ನಿಂದರ್ಲ್ಯಾ? ಅವರ ಮಂದಿ ನಕ್ಕು ಸಾಯ್ತಾರ."

"ನಗಲಿ. ನಕ್ರ ಹಲ್ಲು ಕಾಣತಾವು, ಮತ್ತೇನಾಗೂದಿಲ್ಲ."

ಅವನಿಗೆ ಸಿಟ್ಟು ಬಂತು. ನನ್ನದು ತಪ್ಪೆಂದು ತೋರಿಸಲೆಂದೇ ಗಾಲಿ ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿಕೊಂಡು ಕೊಲ್ಲಾಪುರದ ಬಸ್ಸು ಹತ್ತಿದ. ಆ ದಿನ ನಾನು ಬೀಸಿದ್ದು, ಕುಟ್ಟಿದ್ದು ಒಂದೂ ನೆನಪಿಲ್ಲ. ಬಾಣಂತಿಗೆ ಅಂಟಿನ ಉಂಡೆ ಕಟ್ಟಲು ಕುಳಿತು ಬೆಲ್ಲ ಹಾಕುವುದನ್ನೇ ಮರೆತೆ. ಅವನು ಮತ್ತೆ ಬೆಸೆಸಿ, ಬಣ್ಣ ಹೊಡೆಸಿ ತಂದುಬಿಟ್ಟರೆ? ಬಣ್ಣದ ಕೆಳಗೆ ಏನಿದೆ ಎಂದು ಆಗ ಹೇಗೆ ನೋಡಲಿ? ಹೋಗುವುದೇ ಬೇಡ ಎಂದು ಅವನು ಅಂದರೆ ಬೀಗರಿಗೆ ಏನು ಹೇಳಲಿ? ಅಲ್ಲಿ ಕೂಸಿಗೆ ಹೊಸ ಅಂಗಿ ತೊಡಿಸಿ ದಾರಿ ಕಾಯುತ್ತಾರೆ.

ದೀಪ ಹಚ್ಚುವ ಹೊತ್ತಿಗೆ ಬಂದ. ಚೀಲ ಮೂಲೆಯಲ್ಲಿಟ್ಟು ನೀರು ಕುಡಿದ.

"ಏನಂದಾನೋ ವೆಲ್ಡಿಂಗ್‌ನಾಂವ?"

"ಬಣ್ಣ ಕೆರದು ನೋಡಿದಾ. ತಾ ಬೆಸದಿದ್ದು ಗಟ್ಟಿ ಐತಂತ. ಸೀಳು ಅದರ ಆಚೆ ಕಡ್ಡಿ ತನಕಾ ಹೋಗಿದ್ದು ಅಂವಗೂ ಕಂಡಿದ್ದಿಲ್ಲ. ಬರೇ ಅಂಚು ಬಾಗಿದ್ರ ಸೀದಾ ಮಾಡಿ ಓಡಿಸಬಹುದು, ಕಡ್ಡಿಗೆ ಸೀಳು ಬಂದ್ರ ಮುಟ್ಟಬಾರದು ಅಂದಾ. 'ಮತ್ತ ಬೆಸಿ ಅಂದ್ರ ಬೆಸಿತೀನಿ, ನಿಂತರೂ ನಿಂತೀತು. ಆದ್ರ ಕೂಸಿನ್ನ ಕುಂಡ್ರಿಸ್ತೀನಿ ಅಂದಿ ನೋಡು, ಅದಕ್ಕ ನಾ ಬೆಸಿಯೂದಿಲ್ಲ' ಅಂದಾ."

ನಮ್ಮ ಮನೆಯವರು ನಗಲಿಲ್ಲ. ಎಲೆ ಅಡಿಕೆಯ ಚೀಲ ಮಡಚಿ ಒಳಗೆ ಹೋದರು.

ಬೆಳಿಗ್ಗೆ ಮಗ ಕರಿ ಗಾಲಿ ಹಾಕಿ, ಸೀಳಿದ ಗಾಲಿಯನ್ನು ಸ್ಟೆಪ್ನಿಯೆಂದು ಡಿಕ್ಕಿಯಲ್ಲಿ ಇಟ್ಟ. ನಾನು ಅದನ್ನು ಎತ್ತಿ ಹೊರಗಿಟ್ಟೆ.

"ದಾರ್ಯಾಗ ಪಂಚರ್ ಆದ್ರ ಏನ್ ಹಾಕೂದು ಅವ್ವಾ?"

"ಏನೂ ಬ್ಯಾಡ. ಇಳದು ಬಸ್ಸಿಗೆ ಬರೂಣು. ಇದು ಡಿಕ್ಕ್ಯಾಗ ಇತ್ತಂದ್ರ 'ಇಷ್ಟ ದೂರ ಹೋಗೂಣು' ಅಂತ ಹಾಕೇ ಹಾಕ್ತಿ ನೀ. ಟಾಯರ್ ಹೋದ್ರ ಗಾಡಿ ನಿಂದರತೈತಿ. ಗಾಲಿ ಮುರದ್ರ..." ಅಷ್ಟಕ್ಕೇ ಡಿಕ್ಕಿಯ ಬಾಗಿಲು ಮುಚ್ಚಿದೆ.

ಹೀಗೆ ಸ್ಟೆಪ್ನಿ ಇಲ್ಲದೆ ಹೊರಟೆವು. ಚಿಕ್ಕೋಡಿ ದಾಟುವ ತನಕ ನಾನು ಕಿಟಕಿಯಿಂದ ರಸ್ತೆಯ ಕಲ್ಲುಗಳನ್ನೇ ನೋಡುತ್ತಿದ್ದೆ. ಎಲ್ಲಿ ಚೂಪು ಕಂಡರೂ ಸೀಟಿನ ಅಂಚು ಹಿಡಿಯುತ್ತಿದ್ದೆ.

ನಿಪ್ಪಾಣಿಯ ಬಾಗಿಲಲ್ಲಿ ಗಾಡಿ ನಿಂತದ್ದೇ ಬೀಗಿತಿಯ ಕಣ್ಣು ಗಾಲಿಯ ಮೇಲೆ ಬಿತ್ತು. ಆಕೆಯ ಬಾಯಿ ಜೋರು.

"ಏನ್ರೀ ಬೀಗತ್ಯಾರ, ಒಂದು ಗಾಲಿ ಎಲ್ಲಿ ಮಾರ್ಕೊಂಡು ಬಂದ್ರಿ?"

ಮಗ ತಲೆ ತಗ್ಗಿಸಿದ. ನನಗೆ ಎಲ್ಲಿಂದ ಬಂತೋ ಮಾತು, "ಇಷ್ಟು ಚೆಂದನ್ ಕೂಸಿನ್ನ ಒಯ್ಯೂ ಗಾಡ್ರಿ ಅದು," ಅಂದೆ, "ದೃಷ್ಟಿ ಆಗಬಾರದಂತ ಕರಿ ಬೊಟ್ಟು ಇಟ್ಟೇವ್ರಿ."

ಬೀಗಿತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗುತ್ತಲೇ ಕೂಸನ್ನು ತಂದು ನನ್ನ ಕೈಗಿಟ್ಟಳು. ಹಾಲಿನ ವಾಸನೆ, ಬಿಗಿದ ಮುಷ್ಟಿ, ನನ್ನನ್ನೇ ಪರೀಕ್ಷೆ ಮಾಡುವಂತೆ ನೋಡುವ ಕಣ್ಣು. ಇದನ್ನು ಬರೆಯುವಾಗಲೂ ನನ್ನ ತೋಳು ತಾನಾಗಿ ಮಡಚಿಕೊಳ್ಳುತ್ತದೆ.

ಹೆದರಿಕೆ ಹೋಯಿತೆಂದಲ್ಲ, ಇನ್ನೂ ಹೆಚ್ಚಾಯಿತು. ಹೋಗುವಾಗ ಗಾಡಿಯಲ್ಲಿ ನಾವು ಮಾತ್ರ ಇದ್ದೆವು. ಬರುವಾಗ ಮೊಮ್ಮಗಳು ತೊಡೆಯ ಮೇಲೆ. ಕಬ್ಬಿನ ಟ್ರ್ಯಾಕ್ಟರುಗಳು ಓಡಿ ರಸ್ತೆ ಪೂರ್ತಿ ಕೆತ್ತಿಹೋಗಿತ್ತು. ಗಾಡಿ ಕುಲುಕಿದಾಗೆಲ್ಲ ಎಡಗೈ ಕೂಸಿನ ಕತ್ತಿನ ಕೆಳಗೆ ಹೋಗುತ್ತಿತ್ತು. ಸೊಸೆ ನಿದ್ದೆ ಹೋದಳು, ಕೂಸೂ ನಿದ್ದೆ ಹೋಯಿತು. ನಾನು ಮಾತ್ರ ಗಾಲಿಯ ಸದ್ದು ಕೇಳುತ್ತ ಕುಳಿತಿದ್ದೆ. ನಿಧಾನ ಹೋಗು ಎಂದು ಹೇಳೋಣವೆಂದುಕೊಂಡೆ. ಬೆಳಿಗ್ಗೆಯಿಂದ ಅವನಿಗೆ ಎಷ್ಟು ಹೇಳಿದ್ದೆನೆಂದರೆ ಮತ್ತೊಂದು ಮಾತಿಗೆ ಧೈರ್ಯ ಬರಲಿಲ್ಲ.

ಹಿಂದಿನಿಂದ ಒಂದು ಜೀಪು ಹಾರ್ನ್ ಹೊಡೆಯತೊಡಗಿತು. ನಮ್ಮ ಗಾಡಿ ಎತ್ತಿನ ಬಂಡಿಗಿಂತ ನಿಧಾನ ಹೋಗುತ್ತಿದೆ ಎಂದು ನನಗೆ ತಿಳಿದದ್ದೇ ಆಗ. ಜೀಪು ಪಕ್ಕಕ್ಕೆ ಬಂತು. ಡ್ರೈವರ್ ತಲೆ ಹೊರಗೆ ಹಾಕಿ ಬೈದ: "ಲೇ, ಗಾಡಿ ಹೊಡ್ಯಾಕತ್ತೀಯೋ, ನೂಕಾಕತ್ತೀಯೋ?"

ಯಾರಾದರೂ ಹಿಂದೆ ಹಾಕಿದರೆ ಸಹಿಸದ ನನ್ನ ಮಗ ಕಿಟಕಿಯಿಂದ ಕೈ ಚಾಚಿ ಅವನಿಗೆ ದಾರಿ ತೋರಿಸಿದ.

"ಹೋಗೋ ಅಣ್ಣಾ, ನೀ ಮುಂದ ಹೋಗು. ನಮ್ಮ ಗಾಡ್ಯಾಗ ಕೂಸು ಮಲಗೇತಿ."