ಹೆಬ್ಬೆರಳು ಮೂಡಿದ ಮೊಟ್ಟೆ

ಅನಿಲಕುಮಾರನ ಕೆಲಸ ರಾಯಚೂರಿನ ಒಂದು ಹತ್ತಿ ಮಿಲ್ಲಿನ ಕಾಟಾದ ಮೇಲೆ. ತುಂಬಿದ ಲಾರಿ ಬಂದು ನಿಂತರೆ ಅದರ ತೂಕ, ಖಾಲಿಯಾಗಿ ಬಂದು ನಿಂತರೆ ಮತ್ತೆ ತೂಕ, ಆಮೇಲೆ ಒಂದರಲ್ಲಿ ಒಂದನ್ನು ಕಳೆಯುವುದು. ಕಳೆಯುವುದನ್ನು ಕಂಪ್ಯೂಟರೇ ಮಾಡುತ್ತಿತ್ತು. ಹಾಗಾದರೆ ನಿನಗೆ ಸಂಬಳ ಯಾತಕ್ಕೆಂದು ಯಾರಾದರೂ ಕೇಳಿದರೆ, ಲಾರಿ ಬಂದಾಗ ಎದ್ದು ನಿಲ್ಲುವುದಕ್ಕೆ ಎನ್ನುತ್ತಿದ್ದ. ಇಂಥ ಮನುಷ್ಯನ ಕೈಗೆ ದೇವದುರ್ಗದ ಮನೆಯ ಹಿತ್ತಲಲ್ಲಿದ್ದ ಫ್ರಾನ್ಸ್ ದೇಶದ ಕೋಳಿಗಳು ಬಂದದ್ದು ಯೋಗ್ಯತೆಯಿಂದಲ್ಲ. ಅವನ್ನು ಸಾಕಿದ ಅಕ್ಕ ಸತ್ತಳು, ಅದಕ್ಕೆ ಬಂದವು.

ಅಕ್ಕನ ಹೆಸರು ವಿಶಾಖಾ. ಪಕ್ಕದ ಹಳ್ಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿ, ವರ್ಷಾವರ್ಷವೂ ಅತಿಥಿ. ಅಪ್ಪ ಹಮಾಲಿ ಮಾಡಿ ಓದಿಸಿದ್ದ, ಮನೆಯಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಿದ ಮೊದಲ ಹೆಣ್ಣು ಅವಳೇ. ಮಾನ್ವಿಯಲ್ಲಿ ಓದುತ್ತಿದ್ದಾಗ ಗೆಳತಿ ನಿಗಾರ್‌ಳ ಮನೆಯಲ್ಲಿ ಒಂದು ಮೊಟ್ಟೆ ನೋಡಿದಳಂತೆ. ಹಳೆಯ ಹುಣಸೆಹಣ್ಣಿನ ಬಣ್ಣ. ಅದರ ಮೇಲೆ ಕಿಟಕಿಯ ಬೆಳಕು ಬಿದ್ದು, ಮುಖ ಕಾಣುವಷ್ಟು ಹೊಳಪು. ಮಾರಾನ್ಸ್ ಎಂಬ ಜಾತಿಯ ಕೋಳಿ ಇಟ್ಟದ್ದು ಎಂದು ನಿಗಾರ್ ಹೇಳಿದಳು. ಅವತ್ತು ಬಸ್ಸಿನಲ್ಲಿ ದೇವದುರ್ಗಕ್ಕೆ ಬರುವಾಗ ವಿಶಾಖಾಳ ತೊಡೆಯ ಮೇಲೆ ಪುಸ್ತಕದ ಬದಲು ಒಂದು ರಟ್ಟಿನ ಡಬ್ಬಿ ಇತ್ತು, ಒಳಗೆ ಮರಿಗಳು.

ಕೋಳಿ ಪ್ರದರ್ಶನಕ್ಕೆ ಬೇಕಾದ ಮಾರಾನ್ಸ್ ಬೇರೆ, ಬಣ್ಣದ ಮೊಟ್ಟೆಗೆ ಬೇಕಾದ ಮಾರಾನ್ಸ್ ಬೇರೆ ಎನ್ನುವುದು ಈ ಹುಚ್ಚಿನ ತಿರುಳು. ಪ್ರದರ್ಶನದ ಕೋಳಿಗೆ ಮೈ ಕಪ್ಪಿರಬೇಕು, ಕುತ್ತಿಗೆ ತಾಮ್ರದ ಹಾಗಿರಬೇಕು, ಜುಟ್ಟು ನೆಟ್ಟಗೆ ನಿಲ್ಲಬೇಕು, ಕಾಲಿನ ಹೊರಮಗ್ಗುಲಿಗೆ ಪುಕ್ಕ ಇರಬೇಕು. ಚೆಂದದ ಕೋಳಿಯ ಸಂತಾನ ಚಹಾದ ಬಣ್ಣದ ಮೊಟ್ಟೆ ಇಡುತ್ತದೆ. ಹುಣಸೆಹಣ್ಣಿನ ಬಣ್ಣ ಯಾವುದೋ ಅವಲಕ್ಷಣದ ವಂಶದಲ್ಲಿ ಕುಳಿತಿರುತ್ತದೆ. ಎರಡನ್ನೂ ಒಂದೇ ಹಕ್ಕಿಯಲ್ಲಿ ಕೂಡಿಸಬೇಕೆಂದು ವಿಶಾಖಾ ಹಿತ್ತಲಲ್ಲಿ ಎರಡು ಗೂಡು ಮಾಡಿದ್ದಳು. ಮುಂದಿನ ಗೂಡಿನಲ್ಲಿ ನವಾಬ ಎಂಬ ಹುಂಜ, ಬಂದವರೆಲ್ಲ ಅವನ ಫೋಟೊ ಹೊಡೆದುಕೊಳ್ಳುತ್ತಿದ್ದರು. ಹಿಂದಿನ ಗೂಡಿನಲ್ಲಿ ಕಪ್ಪು ಮೊಟ್ಟೆಯ ಎರಡು ಹೇಂಟೆ, ಮತ್ತು ಜುಟ್ಟು ಎಡಗಣ್ಣಿನ ಮೇಲೆ ಬಿದ್ದ, ಬೋಳುಗಾಲಿನ ಒಂದು ಹುಂಜ. ಓರೆ ಟೋಪಿ ಹಾಕಿದ ಹಾಗೆ ಕಾಣುತ್ತಿದ್ದುದರಿಂದ ಅವನಿಗೆ ಹೆಡ್‌ಮಾಸ್ತರ ಎಂದು ಹೆಸರಿಟ್ಟಿದ್ದಳು.

ಅವಳಿಗೊಂದು ಕೆಟ್ಟ ಚಾಳಿ. ಈ ಮೊಟ್ಟೆಯ ಬಣ್ಣ ಹೊರಗೆ ಬಿದ್ದ ಗಳಿಗೆಯಲ್ಲಿ ಇನ್ನೂ ಹಸಿಯಾಗಿರುತ್ತದೆ, ಆರುವ ತನಕ ಮುಟ್ಟಬಾರದು. ಅವಳು ಮುಟ್ಟುತ್ತಿದ್ದಳು. ಕಪ್ಪಿನ ನಡುವೆ ಅವಳ ಹೆಬ್ಬೆರಳಿನ ಗೆರೆಗಳು ಬೆಳ್ಳಗೆ ಮೂಡಿ ಹಾಗೇ ಉಳಿದುಬಿಡುತ್ತಿದ್ದವು. ಪ್ರದರ್ಶನಕ್ಕೆ ಆ ಮೊಟ್ಟೆ ದಂಡ.

“ನಮ್ಮ ಮುತ್ಯಾನೂ ಹೆಬ್ಬೆಟ್ಟು, ನೀ ಇಷ್ಟು ಓದಿಯೂ ಹೆಬ್ಬೆಟ್ಟಽ ಅಲ್ಲೇನಬೇ” ಎಂದು ಅನಿಲಕುಮಾರ ನಗುತ್ತಿದ್ದ.

“ಕೈ ತಾನಽ ಹೋಗ್ತದಲೇ ತಮ್ಮಾ. ನಿನಗ ತಿಳಿಯಂಗಿಲ್ಲ ಬಿಡು.”

ಹಾಗೆ ಕೆಟ್ಟ ಮೊಟ್ಟೆಗಳಲ್ಲಿ ಎಲ್ಲಕ್ಕಿಂತ ಕಪ್ಪಾದ ಒಂದನ್ನು ಸೂಜಿಯಿಂದ ತೂತು ಮಾಡಿ, ಒಳಗಿನದನ್ನು ಊದಿ ತೆಗೆದು, ತಮ್ಮ ಮಿಲ್ಲಿನಿಂದ ತಂದ ಹತ್ತಿ ಹಾಸಿದ ಡಬ್ಬಿಯಲ್ಲಿಟ್ಟು ಅಡುಗೆಮನೆಯ ಗೋಡೆಯ ಮಾಡದಲ್ಲಿ ಇರಿಸಿದ್ದಳು. ಮುಂದಿನ ಮೊಟ್ಟೆಗಳನ್ನೆಲ್ಲ ಅದರ ಪಕ್ಕ ಹಿಡಿದು ನೋಡುವುದು. ಅದಕ್ಕಿಂತ ಕಪ್ಪಾದ ಒಂದನ್ನು ರಾಯಚೂರಿನ ಪ್ರದರ್ಶನಕ್ಕೆ ಒಯ್ಯಬೇಕೆಂಬುದು ಅವಳ ಆಸೆ. ಬೇಸಿಗೆ ಶುರುವಾಗುವ ಮೊದಲು ಒಂದು ಜ್ವರ ಬಂತು, ಅವಳನ್ನೇ ಒಯ್ದಿತು.

ದಿವಸ ಮಾಡುವಾಗ ಸೋದರಮಾವ ಗದ್ದೆಪ್ಪ ಒಂದು ಮಾತು ತೆಗೆದ. ಆಕಿ ಕೈಯಾರೆ ಸಾಕಿದ್ದನ್ನೇ ಆಕಿಯ ಎಡೆಗೆ ಇಡಬೇಕು, ಪ್ಯಾಟಿ ಕೋಳಿ ತಂದಿಟ್ಟರೆ ಕಾಗೆ ಮುಟ್ಟುವುದಿಲ್ಲ. ಮನೆಯ ಪದ್ಧತಿ ಅದು, ಯಾರೂ ಇಲ್ಲವೆನ್ನಲಿಲ್ಲ. ಯಾವುದನ್ನು ಎಂದು ಮಾತ್ರ ಅನಿಲಕುಮಾರನನ್ನು ಕೇಳಿದರು, ಅವನಿಗೆ ಕೋಳಿಯ ವಿಷಯ ತಿಳಿದಿದೆ ಎಂದು. ತಿಳಿದದ್ದು ಎಷ್ಟೆಂದರೆ, ಹೇಂಟೆ ಮೊಟ್ಟೆ ಇಡುತ್ತದೆ, ನವಾಬ ಪ್ರದರ್ಶನಕ್ಕೆ ಬೇಕು. ಉಳಿದದ್ದು ಹೆಡ್‌ಮಾಸ್ತರ. ಬೋಳುಗಾಲು, ಬಿದ್ದ ಜುಟ್ಟು. ಅಕ್ಕ ಹೇಳಿಕೊಟ್ಟ ಲಕ್ಷಣಗಳನ್ನೆಲ್ಲ ಮನಸ್ಸಿನಲ್ಲೇ ತಾಳೆ ನೋಡಿ, ತಜ್ಞನ ಹಾಗೆ ಅನಿಲಕುಮಾರ ಬೆರಳು ತೋರಿಸಿದ. ಕಾಗೆ ಬಂದು ಮುಟ್ಟಿತು. ಎಲ್ಲರೂ ಉಂಡರು. ಅವನು ಎರಡು ಸಲ ಹಾಕಿಸಿಕೊಂಡ.

ಮಾರನೆಯ ದಿನ ಮಾನ್ವಿಯಿಂದ ನಿಗಾರ್ ಬಂದಳು. ಅವ್ವ ಸೂಗಮ್ಮನನ್ನು ತಬ್ಬಿಕೊಂಡು ಅತ್ತು, ಮುಖ ತೊಳೆದು, ಹಿತ್ತಲಿಗೆ ಹೋದವಳು ಹಿಂದಿನ ಗೂಡಿನ ಮುಂದೆ ನಿಂತಳು.

“ಹೆಡ್‌ಮಾಸ್ತರ ಎಲ್ಲಿ?”

“ಎಡಿಗೆ ಆದ, ಆಪಾ.”

ನಿಗಾರ್ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಲ್ಲಕ್ಕಿಂತ ಕಪ್ಪಾದ ಮೊಟ್ಟೆಯಿಂದ ಹುಟ್ಟಿದವನು ಅವನು, ಹುಂಜ ಮೊಟ್ಟೆ ಇಡದಿದ್ದರೂ ತಾಯಿಯ ಬಣ್ಣ ಅವನ ರಕ್ತದಲ್ಲಿದ್ದು ಅವನ ಹೆಣ್ಣುಮಕ್ಕಳಲ್ಲಿ ಹೊರಗೆ ಬರುತ್ತದೆ, ಈ ಎರಡು ಹೇಂಟೆಗಳಿಗೆ ವಯಸ್ಸಾಯಿತು, ಇನ್ನು ನವಾಬನನ್ನು ಇವುಗಳ ಜೊತೆ ಬಿಟ್ಟರೆ ವಿಶಾಖಾ ಇಷ್ಟು ವರ್ಷ ಕೂಡಿಸಿದ್ದು ಚಹಾದ ಬಣ್ಣಕ್ಕೆ ತಿರುಗಿ ತೊಳೆದುಹೋಗುತ್ತದೆ ಎಂದು ನಿಧಾನವಾಗಿ ಹೇಳಿದಳು. ಆಮೇಲೆ ಏನೋ ನೆನಪಾಗಿ ತಲೆಯೆತ್ತಿದಳು.

“ಹುಂಜ ಸತ್ತರೂ ಅವನ ಬೀಜ ಹ್ಯಾಟಿ ಹೊಟ್ಟ್ಯಾಗ ಇನ್ನೂ ಸ್ವಲ್ಪ ದಿನ ಇರ್ತದ ಭಾಯ್. ಈಗ ಬೀಳೋ ತತ್ತಿ ಅವನವೇ. ಆ ಚಂದದವನ್ನ ಮಾತ್ರ ಒಳಗ ಬಿಡಬ್ಯಾಡ.”

ಅನಿಲಕುಮಾರ ಆ ಎರಡು ಹೇಂಟೆಗಳನ್ನು ನೋಡುತ್ತ ನಿಂತ. ಸತ್ತವನು ಅವುಗಳ ಹೊಟ್ಟೆಯಲ್ಲಿದ್ದಾನೆ. ತನ್ನ ಹೊಟ್ಟೆಯಲ್ಲೂ ಇದ್ದಾನೆ. ತನ್ನ ಹೊಟ್ಟೆಯಿಂದ ಯಾರಿಗೂ ಉಪಯೋಗವಿಲ್ಲ.

ಬಿದ್ದಷ್ಟು ಮೊಟ್ಟೆಗಳನ್ನು ಕೂಡಿಸಿ, ಕಾವಿಗೆ ಬಂದ ಜವಾರಿ ಕೋಳಿಯೊಂದರ ಕೆಳಗೆ ಇಟ್ಟರು. ಸೂಗಮ್ಮ ರೂಢಿಯಂತೆ, ಗುಡುಗಿಗೆ ಕೆಡದಿರಲೆಂದು, ಕೋಳಿ ಕೂತ ಬಿದಿರಿನ ಪುಟ್ಟಿಯಲ್ಲಿ ಕಬ್ಬಿಣದ ಮೊಳೆ ಹಾಕಿದಳು, ನಡುವೆ ಆ ಹೇಂಟೆಗಳು ಬಂದು ಹೊಸದೊಂದು ಇಟ್ಟರೆ ಗುರುತು ಸಿಗಲೆಂದು ಮೊಟ್ಟೆಗಳ ಮೇಲೆ ಇದ್ದಿಲಿನಿಂದ ಗೀಟು ಎಳೆದಳು. ಗೀಟು ಕಾಣಲೇ ಇಲ್ಲ. ಎಲೆಅಡಿಕೆಯ ಸುಣ್ಣ ಹಚ್ಚಿದರು. ಮೊಬೈಲಿನ ಟಾರ್ಚ್ ಹಿಡಿದು ಒಳಗೆ ಜೀವ ಇದೆಯೇ ನೋಡಹೋದರೆ ಬೆಳಕೂ ಒಳಗೆ ಹೋಗಲಿಲ್ಲ. ಬಿಸಿಲು ಹಂಚು ಸೀಳುತ್ತಿತ್ತು. ಎಂದಿನಂತೆ ಸೂಗಮ್ಮ ಪುಟ್ಟಿಯ ಕೆಳಗಿನ ಉಸುಕಿಗೆ ಬೆಳಗ್ಗೆ ಸಂಜೆ ನೀರು ಚಿಮುಕಿಸಿ ತಂಪು ಮಾಡಿದಳು.

ಮರಿ ಒಡೆಯುವ ಹೊತ್ತಿಗೆ ಎಲ್ಲ ಮೊಟ್ಟೆಗಳೊಳಗಿಂದಲೂ ಚಿಂವ್ ಎಂಬ ದನಿ ಬಂತು. ಅವ್ವ ಮಗ ಇಬ್ಬರೂ ಕಿವಿ ಹಚ್ಚಿ ಕೇಳಿದರು. ಅರ್ಧ ದಿನ ಕೂಗಿ, ಒಂದೊಂದಾಗಿ ಸುಮ್ಮನಾದವು. ಒಡೆದು ನೋಡಿದರೆ ಒಳಗೆ ಪೂರ್ತಿ ಬೆಳೆದ ಮರಿಗಳು, ನೀರಿನಲ್ಲಿ ಮುಳುಗಿದ ಹಾಗೆ ಒದ್ದೆ. ಫೋನಿನಲ್ಲಿ ನಿಗಾರ್ ಹೇಳಿದಳು: ಆ ಬಣ್ಣವೇ ಮೊಟ್ಟೆಯ ಬಾಯಿ ಕಟ್ಟಿರುತ್ತದೆ, ಒಳಗಿನ ನೀರು ಹೊರಗೆ ಹೋಗುವುದಿಲ್ಲ, ಇವಕ್ಕೆ ಒಣ ಜಾಗವೇ ಬೇಕು. ಅದನ್ನು ಅವ್ವನಿಗೆ ತಿಳಿಸದೆ ಅನಿಲಕುಮಾರ ಪುಟ್ಟಿಯ ಹತ್ತಿರದ ನೀರಿನ ಚೊಂಬನ್ನು ಎತ್ತಿ ಒಳಗಿಟ್ಟ. ಒಂದೇ ಒಂದು ಮರಿ ಹೊರಗೆ ಬಂದಿತ್ತು.

ಆ ಬೇಸಿಗೆ ಅವನು ರಾಯಚೂರಿನಲ್ಲಿ ಉಳಿಯುವುದನ್ನು ಬಿಟ್ಟು ದಿನಾ ಬಸ್ಸಿನಲ್ಲಿ ಹೋಗಿ ಬರತೊಡಗಿದ. ಕಾಟಾದ ಮೇಲೆ ಲಾರಿಯ ಎಂಜಿನ್ ನಿಂತ ಕೂಡಲೇ ಆ ಚಿಂವ್ ಕೇಳಿಸುತ್ತಿತ್ತು. ಸಂಜೆ ಮನೆಗೆ ಬಂದರೆ ಇನ್ನೊಂದು ಪಜೀತಿ. ಹೇಂಟೆಗಳು ಗೂಡಿಗೆ ಹೋಗದೆ ಅಡುಗೆಮನೆಯ ಮೆಟ್ಟಿಲ ಹತ್ತಿರ, ವಿಶಾಖಾ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದ ಕಡೆ ಮುಖ ಮಾಡಿ ನಿಂತಿರುತ್ತಿದ್ದವು. ಅಟ್ಟಿದರೆ ಸುತ್ತು ಹಾಕಿ ಮತ್ತೆ ಅಲ್ಲೇ. ಒಂದು ಸಂಜೆ ರೋಸಿಹೋಗಿ ಅವನು ಅಕ್ಕ ಶಾಲೆಯ ಮಕ್ಕಳನ್ನು ಕರೆಯುತ್ತಿದ್ದ ರಾಗದಲ್ಲೇ, ಅವಳ ದನಿ ಎಳೆದು ಕೂಗಿದ: ಬರ್ರೆವ್ವಾ, ಬರ್ರೀ. ಹೇಂಟೆಗಳು ತಿರುಗಿದವು. ಒಂದರ ಹಿಂದೊಂದು ಗೂಡಿನೊಳಗೆ ಹೋದವು.

ಒಳಗಿನಿಂದ ಸೂಗಮ್ಮ ಅಂದಳು, “ವಿಶಾಖಾ, ಕೈಕಾಲು ತೊಳಕೊಂಡು ಬಾ ಯವ್ವಾ, ಚಾ ಆರಾಕತ್ತದ.”

ಅವನು ಕೈಕಾಲು ತೊಳೆದುಕೊಂಡು ಒಳಗೆ ಹೋಗಿ ಚಹಾ ಕುಡಿದ. ಅವ್ವ ಅವನ ಮುಖ ನೋಡಲಿಲ್ಲ, ಅವನೂ ನೋಡಲಿಲ್ಲ. ಮಾರನೆಯ ಸಂಜೆಯೂ ಹಾಗೇ ಕೂಗಬೇಕಾಯಿತು, ಬೇರೆ ದನಿಗೆ ಅವು ಬಗ್ಗುತ್ತಿರಲಿಲ್ಲ.

ಉಳಿದ ಒಂದು ಮರಿ ಹುಂಜವಾಗಿ ಬೆಳೆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಜುಟ್ಟು ಎಡಗಣ್ಣಿನ ಮೇಲೆ ಬಿತ್ತು. ಕಾಲು ಬೋಳು. ಹೊಲದ ಕೆಲಸಕ್ಕೆಂದು ಬಂದು ಹಿತ್ತಲಲ್ಲಿ ಇಣುಕಿದ ಗದ್ದೆಪ್ಪ ಮಾವ ಎರಡು ಹೆಜ್ಜೆ ಹಿಂದೆ ಸರಿದ.

“ಇವನ್ನ ನಾವು ಉಂಡಿದ್ದೆವಲ್ಲೋ ಅಳಿಯಾ.”

“ಹೌದು ಮಾವಾ. ಮತ್ತ ಬಂದಾನ.”

ಮಾವ ಅವತ್ತು ಊಟಕ್ಕೆ ನಿಲ್ಲಲಿಲ್ಲ.

ಎರಡು ಹೇಂಟೆಗಳಲ್ಲಿ ಒಂದು ಬೇಸಿಗೆಯ ಬಿಸಿಲಿಗೆ ಸತ್ತುಹೋಗಿತ್ತು. ಉಳಿದ ಮುದಿ ಹೇಂಟೆಯ ಜೊತೆ ಈ ಹುಂಜವನ್ನು ಬಿಟ್ಟು, ಒಣ ಉಸುಕಿನ ಮೇಲೆ ಪುಟ್ಟಿ ಇಟ್ಟು, ಚಳಿಗಾಲದಲ್ಲಿ ಮೂರು ಹೆಣ್ಣುಮರಿ ಎಬ್ಬಿಸಿದರು. ಅವು ಮೊಟ್ಟೆಗೆ ಬರುವ ತನಕ ಬಣ್ಣ ಉಳಿಯಿತೋ ಹೋಯಿತೋ ಹೇಳುವವರಿಲ್ಲ. ಮುದಿ ಹೇಂಟೆಯೂ ಅಷ್ಟರಲ್ಲಿ ಇಡುವುದನ್ನು ನಿಲ್ಲಿಸಿತು. ರಾಯಚೂರಿನ ಪ್ರದರ್ಶನ ಹತ್ತಿರ ಬಂದಾಗ, ಮೊಟ್ಟೆಯ ವಿಭಾಗದಲ್ಲಿ ವಿಶಾಖಾ, ದೇವದುರ್ಗ ಎಂದು ಹೆಸರು ಕೊಡಲು ಅನಿಲಕುಮಾರ ನಿಗಾರ್‌ಗೆ ಹೇಳಿದ. ಮೊದಮೊದಲ ಮೊಟ್ಟೆಗಳೇ ಕಪ್ಪು, ಆಮೇಲೆ ದಿನ ಕಳೆದಂತೆ ತಿಳಿಯಾಗುತ್ತವೆ, ಒಯ್ಯುವುದಾದರೆ ಮೊದಲಿನದನ್ನೇ ಒಯ್ಯಬೇಕು.

ಮೊದಲ ಮರಿ ಬೆಳೆದು ಮೊಟ್ಟೆ ಇಟ್ಟಿತು, ಚಹಾದ ಬಣ್ಣ. ಎರಡನೆಯದೂ ಇಟ್ಟಿತು, ಹಾಲು ಹೆಚ್ಚಾದ ಚಹಾ. ಅನಿಲಕುಮಾರ ಎರಡನ್ನೂ ಮಾಡದ ಮೊಟ್ಟೆಯ ಪಕ್ಕ ಹಿಡಿದು ನೋಡಿ, ಅವ್ವನಿಗೆ ತೋರಿಸದೆ ಒಯ್ದು ಪಕ್ಕದ ಮನೆಗೆ ಕೊಟ್ಟುಬಂದ. ಉಳಿದದ್ದು ಒಂದೇ. ಮಿಲ್ಲಿಗೆ ರಜೆ ಹಾಕಿದ. ಲಾರಿಗಳು ಅವನು ಎದ್ದು ನಿಲ್ಲದೆಯೂ ತೂಗಿದವು.

ಮೂರನೆಯ ಮರಿ ಬೆಳಗಿನಿಂದ ಗೂಡಿನ ಮೂಲೆಯಲ್ಲಿ ಹುಲ್ಲು ಕೆದರುತ್ತ, ಕೂರುತ್ತ, ಏಳುತ್ತ ಇತ್ತು. ಅವನು ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದ. ಕೊನೆಗೆ ಅದು ಎದ್ದು ನಿಂತು, ಮೈ ಉಬ್ಬಿಸಿ, ಒಂದು ಸಲ ನಡುಗಿತು. ಹುಲ್ಲಿನ ಮೇಲೆ ಬಿದ್ದದ್ದು ಹಸಿಯಾಗಿ ಹೊಳೆಯುತ್ತಿತ್ತು. ಹಳೆಯ ಹುಣಸೆಹಣ್ಣು. ಕಿಟಕಿಯಿಲ್ಲದ ಆ ಗೂಡಿನಲ್ಲೂ ಅದರ ಮೇಲೊಂದು ಬೆಳಕು.

ಮುಟ್ಟಬಾರದು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದೆ ಎಂದು ಅಂದುಕೊಳ್ಳುವಷ್ಟರಲ್ಲಿ ಮೊಟ್ಟೆ ಕೈಯಲ್ಲಿತ್ತು, ಬಿಸಿಯಾಗಿ. ಹೆಬ್ಬೆರಳು ಎತ್ತಿದಾಗ ಅದರ ಗೆರೆಗಳು ಬೆಳ್ಳಗೆ ಅಲ್ಲಿ ಕುಳಿತಿದ್ದವು.

ನಿಗಾರ್‌ಗೆ ಫೋನ್ ಮಾಡಿ, ಹೆಸರು ತೆಗೆಸಿಬಿಡು ಎಂದ. ತತ್ತಿ ಬರಲಿಲ್ಲವೇ ಎಂದು ಅವಳು ಕೇಳಿದಳು. ಬಂತು ಎಂದ. ಬಣ್ಣ?

“ಆಕಿದೇ, ಆಪಾ.”

ನಿಗಾರ್ ಒಂದೇ ಪ್ರಶ್ನೆ ಕೇಳಿದಳು, ಮುಟ್ಟಿದೆಯಾ ಎಂದು. ಅವನು ಹೌದೆನ್ನುವ ಮೊದಲೇ ಅವಳು ನಗುತ್ತಿದ್ದಳು, ಅಥವಾ ಅದು ನಗುವಲ್ಲ.

ಅಡುಗೆಮನೆಯಲ್ಲಿ ಸೂಗಮ್ಮ ಮಾಡದಿಂದ ಹತ್ತಿಯ ಡಬ್ಬಿ ಇಳಿಸಿಕೊಂಡು ಕುಳಿತಿದ್ದಳು. ಮಗ ತಂದುಕೊಟ್ಟದ್ದನ್ನು ಒಂದು ಅಂಗೈಯಲ್ಲಿ, ಡಬ್ಬಿಯದನ್ನು ಇನ್ನೊಂದರಲ್ಲಿ ಇಟ್ಟುಕೊಂಡು, ಬಾಗಿಲ ಬೆಳಕಿಗೆ ಹಿಡಿದಳು. ಕಪ್ಪಿಗೆ ಕಪ್ಪು, ಗೆರೆಗೆ ಗೆರೆ. ಆಚೆ ಈಚೆ ತಿರುಗಿಸಿ ನೋಡುವಾಗ ಯಾವುದು ಯಾವ ಕೈಯಲ್ಲಿತ್ತೆಂಬುದು ಅವಳಿಗೇ ಮರೆತುಹೋಯಿತು.

“ಇದರಾಗ ಆಕಿದು ಯಾವುದೋ?”

ಅನಿಲಕುಮಾರ ಬಗ್ಗಿ ನೋಡಿದ. ಅವನಿಗೂ ಗುರುತು ಹತ್ತಲಿಲ್ಲ. ಅಷ್ಟರಲ್ಲಿ ಅವ್ವ ಕಣ್ಣು ಮುಚ್ಚಿ ಎರಡೂ ಕೈಗಳನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದಳು.

“ಇದು” ಅಂದಳು. “ಹಗುರ ಅದ.”

ಅದನ್ನು ಮತ್ತೆ ಹತ್ತಿಯಲ್ಲಿಟ್ಟು ಡಬ್ಬಿ ಮುಚ್ಚಿದಳು. ಇನ್ನೊಂದನ್ನು, ಅದರ ಬಿಸಿ ಆರುವ ತನಕ, ಕೈಯಲ್ಲೇ ಹಿಡಿದುಕೊಂಡು ಕುಳಿತಳು.