ಮೂರನೆಯ ಕಂಬದಿಂದ ಬಾಗಿಲಿನವರೆಗೆ

ಇಂಥ ಕಥೆ ಹೇಳುವವರನ್ನು ಕಂಡರೆ ನಾನು ನಗುತ್ತಿದ್ದವನು. ಹೂವಿನಹಡಗಲಿಯ ನಮ್ಮ ಮನೆಯಲ್ಲಿ ಯಾರಿಗೆ ತಲೆನೋವು ಬಂದರೂ ಅವ್ವ ಉಪ್ಪು, ಮೆಣಸಿನಕಾಯಿ ನೀವಾಳಿಸುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು, "ಮೆಣಸಿನಕಾಯಿಗಿಂತ ಗುಳಿಗಿ ಅಗ್ಗ ಅದಾವ ಬೇ" ಎಂದು ರೇಗಿಸುತ್ತಿದ್ದೆ. ಎಲೆಕ್ಟ್ರಾನಿಕ್ಸ್ ಕಲಿಸುವ ಮೇಷ್ಟ್ರು ನಾನು. ಅಳತೆಗೆ ಸಿಕ್ಕಿದ್ದು ಇದೆ, ಸಿಗದ್ದು ಇಲ್ಲ, ಅಷ್ಟೇ ನನ್ನ ತಿಳಿವಳಿಕೆ. ಹಾಗಾಗಿ ಇಲ್ಲಿ ಬರೆದದ್ದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನನ್ನ ತೊಂದರೆ ಬೇರೆ. ನನಗೆ ಎದುರಾದದ್ದು ಅಳತೆಗೆ ಸಿಕ್ಕಿಯೇ ಎದುರಾಯಿತು.

ಎರಡು ಸಾವಿರದ ದಶಕದ ಕೊನೆಯ ಮಾತು. ಆಗ ನಾನು ಹೆಚ್ಚಿನ ಓದಿಗಾಗಿ ಒಂದು ಪ್ರಯೋಗ ಹಚ್ಚಿಕೊಂಡಿದ್ದೆ. ಬಯಲಿನಲ್ಲಿ ಮೊಬೈಲ್ ಎಲ್ಲಿದೆ ಎಂದು ಉಪಗ್ರಹದಿಂದ ತಿಳಿಯಬಹುದು, ಸೂರಿನ ಕೆಳಗೆ ಹೋದರೆ ಆ ಆಟ ನಡೆಯುವುದಿಲ್ಲ. ಅದಕ್ಕೆ ಕಟ್ಟಡದ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್ ಇಟ್ಟು, ಒಂದಾದ ಮೇಲೊಂದು ಚಿಕ್ ಚಿಕ್ ಎನ್ನಿಸುವುದು. ಯಾವ ಸದ್ದು ಎಷ್ಟು ತಡವಾಗಿ ತಲುಪಿತು ಎಂಬುದರಿಂದ ಮೊಬೈಲ್ ಇರುವ ಜಾಗ ಸಿಗುತ್ತದೆ. ಸದ್ದು ತಪ್ಪಿದಲ್ಲಿ ಮೊಬೈಲಿನೊಳಗಿನ ಸೆನ್ಸರ್ ನಡೆಯುವವನ ಹೆಜ್ಜೆ ಎಣಿಸಿ ನೆರವಾಗುತ್ತದೆ. ಎರಡೂ ಸೇರಿ ಲ್ಯಾಪ್‌ಟಾಪಿನ ಮೇಲೆ ಹೆಜ್ಜೆಗೊಂದು ಚುಕ್ಕಿ ಬೀಳಬೇಕು.

ಹೊರೆ ಹೊತ್ತವನ ಹೆಜ್ಜೆ ಮೋಟು, ನೆಲಕ್ಕೆ ಬೀಳುವುದೂ ಜೋರು. ಅದನ್ನೂ ಯಂತ್ರಕ್ಕೆ ಕಲಿಸಲೆಂದು ಹಿಂದಿನ ವಾರ ಹಗರಿಬೊಮ್ಮನಹಳ್ಳಿಯಲ್ಲಿ ಹಮಾಲರ ಸೊಂಟಕ್ಕೆ ಮೊಬೈಲ್ ಕಟ್ಟಿ, ಚೀಲ ಹೊರಿಸಿ ನಡೆಸಿದ್ದೆ. ಅಂದಿನಿಂದ ಖಾಲಿ ಹೆಜ್ಜೆಗೆ ಹಸಿರು ಚುಕ್ಕಿ, ಹೊರೆ ಹೊತ್ತ ಹೆಜ್ಜೆಗೆ ಕೆಂಪು. ಪ್ರತಿ ಚುಕ್ಕಿಯ ಕೆಳಗೆ ಹೆಜ್ಜೆ ಎಷ್ಟು ಬಿಗಿಯಾಗಿ ಬಿತ್ತು ಎಂದು ತೋರಿಸುವ ಒಂದು ಗೆರೆ.

ಮುಂದಿನ ಪರೀಕ್ಷೆಗೆ ಖಾಲಿ ಗೋದಾಮು ಬೇಕಿತ್ತು. ಕೊಟ್ಟೂರಿನಲ್ಲಿ ಶೇಂಗಾ ವ್ಯಾಪಾರ ಮಾಡುತ್ತಿದ್ದ ಗೆಳೆಯನೊಬ್ಬ ಸುಗ್ಗಿಗೆ ಮುಂಚೆ ತನ್ನದನ್ನು ಬಿಟ್ಟುಕೊಟ್ಟ. ಕಾವಲಿಗಿದ್ದವನು ಕೊಟ್ರಪ್ಪ. ಅದೇ ಗೋದಾಮಿನಲ್ಲಿ ಹಮಾಲಿ ಮಾಡಿ ಸೊಂಟ ಹೋದ ಮೇಲೆ ಬಾಗಿಲು ಕಾಯಲು ಕೂತವನು. ಅವನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ.

ಮಧ್ಯಾಹ್ನ ಮೂರರ ಹೊತ್ತು, ತಗಡಿನ ಸೂರು ಕಾದು ಟಕ್ಕೆನ್ನುತ್ತಿತ್ತು. ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿ ಹಿಂದಿನ ಗೋಡೆಯಿಂದ ಎಡಗಡೆಯ ಕಂಬಗಳ ಸಾಲು ಹಿಡಿದು ಬಾಗಿಲ ಕಡೆಗೆ ಬರಿಗೈಲಿ ನಡೆದೆ. ಬಂದು ನೋಡಿದರೆ ಮೂರನೆಯ ಕಂಬದವರೆಗೆ ಹಸಿರು, ಅಲ್ಲಿಂದ ಬಾಗಿಲವರೆಗೆ ಹದಿಮೂರು ಚುಕ್ಕಿ ಕೆಂಪು. ಬರೆದ ಪ್ರೋಗ್ರಾಮಿನಲ್ಲೇ ಎಲ್ಲೋ ಎಡವಿದ್ದೇನೆ ಅಂದುಕೊಂಡು ಮತ್ತೆ ನಡೆದೆ. ಅದೇ ಹದಿಮೂರು. ಮೊಬೈಲ್ ಬದಲಿಸಿದೆ, ಚಪ್ಪಲಿ ಬಿಟ್ಟು ನಡೆದೆ, ಬಲಗಡೆಯ ಕಂಬಗಳ ಸಾಲಿನಲ್ಲಿ ನಡೆದೆ. ಬಲಗಡೆ ಎಲ್ಲವೂ ಹಸಿರು. ಬಾಗಿಲಿನಿಂದ ಒಳಗೆ ಬಂದರೂ ಹಸಿರು. ಎಡಗಡೆಯ ಮೂರನೆಯ ಕಂಬದಿಂದ ಹೊರಗೆ ಹೋದರೆ ಮಾತ್ರ ಕೆಂಪು. ನನ್ನ ಬೆನ್ನಿಗೆ ಯಾವ ಭಾರವೂ ಗೊತ್ತಾಗಲಿಲ್ಲ. ಇದನ್ನು ನನ್ನ ಸಂಶೋಧನೆಯ ಗೈಡ್‌ಗೆ ಹೇಗೆ ಹೇಳುವುದು ಎಂಬ ಕಿರಿಕಿರಿಯೊಂದೇ ನನಗಿದ್ದದ್ದು.

ಇಷ್ಟು ಹೊತ್ತೂ ನೋಡುತ್ತ, ನಾನು ಕೆಂಪು, ಕೆಂಪು ಎಂದು ಗೊಣಗುವುದನ್ನು ಕೇಳಿಸಿಕೊಂಡಿದ್ದ ಕೊಟ್ರಪ್ಪ ಹತ್ತಿರ ಬಂದ.

"ಕೆಂಪಂದ್ರ ಏನ್ರಿ ಸರ?"

"ಹೊರಿ ಹೊತ್ತಾರಂತ ಅರ್ಥ, ಕೊಟ್ರಪ್ಪಣ್ಣ. ನಾ ಏನೂ ಹೊತ್ತಿಲ್ಲ, ಸುಳ್ಳು ಹೇಳಾಕತ್ತೈತಿ."

"ಎಲ್ಲಿಂದ ಕೆಂಪು?"

ನಾನು ಹೇಳುವುದರೊಳಗೆ ಅವನೇ ಹೋಗಿ ನಿಂತ. ಪರದೆ ಅವನಿಗೆ ಕಾಣುವಂತಿರಲಿಲ್ಲ. ಕಂಬದಿಂದ ಒಂದು ಮೊಳ ಆಚೆ, ಮೊದಲ ಕೆಂಪು ಚುಕ್ಕಿ ಬಿದ್ದ ಜಾಗದಲ್ಲೇ ನಿಂತಿದ್ದ. ನಾನು ಪರದೆಯನ್ನೂ ಅವನ ಕಾಲನ್ನೂ ಎರಡೆರಡು ಸಲ ನೋಡಿದೆ.

ಅವನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಹೇಳಿದ. ಹನ್ನೆರಡು ವರ್ಷದ ಹಿಂದೆ ಆ ಕಂಬದ ಬದಿಗೆ ಪೇರಿಸಿದ್ದ ಚೀಲದ ನಿಟ್ಟು ಜಾರಿ ಅವನ ತಮ್ಮ ಮಲ್ಲಪ್ಪನ ಮೇಲೆ ಬಿತ್ತು. ಉಳಿದ ಹಮಾಲರು ಚಹಾ ಕುಡಿಯಲು ಹೋಗಿದ್ದರು. ಇವನು ಯಾರಿಗೂ ಕಾಯದೆ ಚೀಲ ಸರಿಸಿ, ತಮ್ಮನನ್ನು ಚೀಲ ಹೊತ್ತಂತೆಯೇ ಬೆನ್ನ ಮೇಲೆ ಹಾಕಿಕೊಂಡು ಬಾಗಿಲಲ್ಲಿದ್ದ ಟ್ರ್ಯಾಕ್ಟರಿಗೆ ಒಯ್ದ. ಕೂಡ್ಲಿಗಿಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಏನೂ ಉಳಿದಿರಲಿಲ್ಲ.

"ಡಾಕ್ಟರ್ ಅಂದ್ರು, ಕುತಿಗಿ ಎಲುಬು ಮುರದೈತಿ, ಹಂಗ ಎತ್ತಬಾರದಿತ್ತು, ಹಲಗಿ ಮ್ಯಾಲ ಒಯ್ಯಬೇಕಿತ್ತು ಅಂತ. ನಮಗೇನ್ ಗೊತ್ರಿ? ನಾವು ಏನಿದ್ರೂ ಬೆನ್ನಿಗೆ ಹಾಕ್ಕೊಳ್ಳೋರು."

ತಮ್ಮನ ಹೆಂಡತಿ ಗಂಗವ್ವ ಎಂದೂ ಅವನನ್ನು ಬೈದಿರಲಿಲ್ಲ. ಆದರೂ ಅಂದಿನಿಂದ ಅವಳ ಮನೆಯಲ್ಲಿ ಅವನು ನೀರು ಸಹ ಮುಟ್ಟಿರಲಿಲ್ಲ. ಅವಳ ಮನೆ ಅವನ ಮನೆಗೆ ಗೋಡೆ ಹಚ್ಚಿಯೇ ಇತ್ತು.

ಆಮೇಲೆ ಅವನು ಕೇಳಿದ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

"ಸರ, ಜೀವ ಇರೋ ಹೊರಿ ಬ್ಯಾರೆ, ಜೀವ ಇಲ್ಲದ್ದು ಬ್ಯಾರೆ. ಜೀವ ಇದ್ರ ಬೆನ್ನ ಮ್ಯಾಲ ಒಂಚೂರು ಆಕಡೀಕ ಈಕಡೀಕ ಅಲುಗತೈತಿ, ಹೆಜ್ಜಿ ಒಂದರಂಗ ಒಂದು ಬೀಳಂಗಿಲ್ಲ. ಅವತ್ತ ಗಾಬರ್ಯಾಗ ನನಗ ಗೊತ್ತಾಗಲಿಲ್ಲ. ನಿಮ್ಮ ಮಿಷನ್ನಿನಾಗ ನೋಡ್ರಿ. ಅವ ಇಲ್ಲೇ ಹೋಗಿದ್ನೋ, ನನ್ನ ಬೆನ್ನ ಮ್ಯಾಲ ಹೋದ್ನೋ?"

ಇದು ಯಂತ್ರದ ದೋಷ, ಇದಕ್ಕೂ ನಿನ್ನ ತಮ್ಮನಿಗೂ ಸಂಬಂಧವಿಲ್ಲ ಎಂದು ಹೇಳಬೇಕಾದವನು ನಾನು. ಹಾಗೆ ಹೇಳುವ ಬದಲು ಲ್ಯಾಪ್‌ಟಾಪ್ ನನ್ನ ಹತ್ತಿರ ಎಳೆದುಕೊಂಡು ಕೆಂಪು ಚುಕ್ಕಿಗಳ ಕೆಳಗಿನ ಗೆರೆಗಳನ್ನು ನೋಡಿದೆ. ಮೊದಲ ಒಂಬತ್ತು ಗೆರೆ ಒಂದು ಉದ್ದ, ಒಂದು ಗಿಡ್ಡ, ಒಂದರಂತೆ ಒಂದಿಲ್ಲ. ಬಾಗಿಲ ಹತ್ತಿರದ ನಾಲ್ಕು ಮಾತ್ರ ಸ್ಕೇಲ್ ಇಟ್ಟು ಕತ್ತರಿಸಿದಷ್ಟು ಸಮ. ಕೆಂಪು ಬಿದ್ದ ಉಳಿದ ನಡಿಗೆಗಳನ್ನೂ ತೆಗೆದು ನೋಡಿದೆ. ಎಲ್ಲದರಲ್ಲೂ ಒಂಬತ್ತು, ಆಮೇಲೆ ನಾಲ್ಕು.

"ಮೊದಲಿಂದ ಕಡೀತನಕ ಒಂದೇ ಸಮ ಐತಿ, ಕೊಟ್ರಪ್ಪಣ್ಣ" ಎಂದೆ.

"ಮೊದಲ ಹೆಜ್ಜಿಯಿಂದಾನ?"

"ಮೊದಲ ಹೆಜ್ಜಿಯಿಂದಾನ."

ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, "ಹಂಗಾರ ನಾನಲ್ಲ" ಅಂದ. ಅದು ನನಗೆ ಹೇಳಿದ್ದಲ್ಲ. ಆಮೇಲೆ ಎದ್ದು ಹೋಗಿ ನನಗೆ ಚಹಾ ತಂದುಕೊಟ್ಟ.

ಮರುದಿನ ಇನ್ನೊಮ್ಮೆ ನಡೆದು ನೋಡಬಹುದಿತ್ತು. ನಡೆಯಲಿಲ್ಲ, ಸ್ಪೀಕರ್ ಬಿಚ್ಚಿಕೊಂಡು ಊರಿಗೆ ಬಂದುಬಿಟ್ಟೆ. ಗೈಡ್ ಮುಂದೆ ಸೆನ್ಸರ್ ಕೆಟ್ಟಿತ್ತು ಎಂದೆ, ಅವರು ತಲೆಯಾಡಿಸಿದರು. ಅದೇ ಎರಡು ಮೊಬೈಲುಗಳು ಮುಂದೆ ಹರಪನಹಳ್ಳಿಯ ಇನ್ನೊಂದು ಗೋದಾಮಿನಲ್ಲಿ ಒಂದೇ ಒಂದು ಚುಕ್ಕಿ ತಪ್ಪಲಿಲ್ಲ. ಕೊಟ್ಟೂರಿನಲ್ಲಿ ಮಾತ್ರ ಏಕೆ ಹಾಗಾಯಿತು, ನನ್ನ ಖಾಲಿ ಹೆಜ್ಜೆ ಯಾರ ಹೆಜ್ಜೆಯಾಯಿತು, ನನಗೆ ತಿಳಿದಿಲ್ಲ. ತಿಳಿದವರು ಹೇಳಿದರೆ ಕೇಳುತ್ತೇನೆ.

ಒಂದೆರಡು ತಿಂಗಳ ಮೇಲೆ ಗೆಳೆಯ ಸಿಕ್ಕಾಗ, ಕೊಟ್ರಪ್ಪ ಈಗ ಎರಡು ಹೊತ್ತೂ ಗಂಗವ್ವನ ಮನೆಯಲ್ಲೇ ಉಣ್ಣುತ್ತಾನೆ ಎಂದ. ಕೇಳಿ ಸಂತೋಷವಾಯಿತು. ಊರಿಗೆ ಬಂದ ಮೇಲೆ ಮುದ್ರಿಸಿಕೊಂಡ ಆ ಹದಿಮೂರು ಗೆರೆಗಳ ಕಾಗದ ಇನ್ನೂ ನನ್ನ ಬೀರುವಿನಲ್ಲಿದೆ. ಇಷ್ಟು ವರ್ಷ ಅದನ್ನು ಯಾರಿಗೂ ತೋರಿಸಿಲ್ಲ, ಹರಿದು ಹಾಕಲೂ ಕೈ ಬಂದಿಲ್ಲ.